ಪಕ್ಕದ ಚಕ್ರ ಬಿಚ್ಚಿಸಿ ಓಡಿಸಿದ 16 ಇಂಚಿನ ಸೈಕಲ್

ಐದಾರು ವರ್ಷದ ಮಕ್ಕಳಿಗೆ ಸೈಕಲ್ ಬೇಕೆಂದರೆ ಮೈಸೂರಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ತೋರಿಸುವುದು 16 ಇಂಚು ಚಕ್ರದ, ಉಕ್ಕಿನ ಫ್ರೇಮಿನ, ಹಿಂಬದಿಗೆ ಎರಡು ಪುಟ್ಟ ಚಕ್ರ ಜೋಡಿಸಿದ ಸೈಕಲ್ಲನ್ನು. ಆರು ವರ್ಷದ ಮಗಳಿಗಾಗಿ ಅಂಥದೊಂದನ್ನು 5,500 ರೂಪಾಯಿಗೆ ಕೊಂಡು, ಆ ಪುಟ್ಟ ಚಕ್ರಗಳಿಲ್ಲದೆಯೇ ಅವಳಿಗೆ ಸವಾರಿ ಕಲಿಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಸೈಕಲ್ ಗಟ್ಟಿಮುಟ್ಟಾಗಿದೆ, ಬೆಸುಗೆ ಅಚ್ಚುಕಟ್ಟಾಗಿದೆ. ಆದರೆ ಸೀಟು ಮತ್ತು ಬ್ರೇಕುಗಳನ್ನು ಸರಿಮಾಡಿಸಿಕೊಳ್ಳದೆ ಅದರ ಮೇಲೆ ಸಮತೋಲ ಕಲಿಸುವುದು ಕಷ್ಟ.

ವಾಲಿದ ಕಡೆಗೇ ಹ್ಯಾಂಡಲ್ ತಿರುಗಿಸಿದಾಗ ಚಕ್ರಗಳು ಮತ್ತೆ ದೇಹದ ಭಾರದ ಕೆಳಗೆ ಬಂದು ಸೈಕಲ್ ನೆಟ್ಟಗಾಗುತ್ತದೆ. ಮಗು ಕಲಿಯಬೇಕಾದ ಮುಖ್ಯ ವಿದ್ಯೆ ಇದೇ. ಪಕ್ಕದ ಚಕ್ರಗಳು ವಾಲುವುದನ್ನೇ ತಡೆಯುವುದರಿಂದ ಪೆಡಲ್ ತುಳಿಯುವುದು ಬಂದೀತೇ ಹೊರತು ಈ ವಿದ್ಯೆ ಬರುವುದಿಲ್ಲ. ರಸ್ತೆ ತಗ್ಗುದಿಣ್ಣೆಯಾಗಿದ್ದರೆ ಇನ್ನೊಂದು ತೊಂದರೆಯೂ ಉಂಟು: ಹಿಂದಿನ ಚಕ್ರ ತಗ್ಗಿನ ಮೇಲೆ ಬಂದಾಗ ಪಕ್ಕದವೆರಡೂ ದಿಣ್ಣೆಯ ಮೇಲೆ ನಿಂತುಬಿಡುತ್ತವೆ, ನಡುವಿನ ಚಕ್ರ ನೆಲಕ್ಕೆ ತಾಗದೆ ಸುಮ್ಮನೆ ತಿರುಗುತ್ತದೆ, ಆಗ ಹಿಂದಿನ ಬ್ರೇಕ್ ಹಿಡಿದೂ ಪ್ರಯೋಜನವಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು, ಸೀಟು ಎಟುಕದಿದ್ದರೆ ಒಳಪೆಡಲ್ ಹೊಡೆದು ಕಲಿತ ನಮ್ಮ ತಲೆಮಾರಿಗೆ ಈ ಚಕ್ರಗಳ ಹಂಗೇ ಇರಲಿಲ್ಲ.

ಆದ್ದರಿಂದ ಪಕ್ಕದ ಚಕ್ರಗಳ ಜೊತೆಗೆ ಪೆಡಲುಗಳನ್ನೂ ಬಿಚ್ಚಿಕೊಡಿ ಎಂದು ಅಂಗಡಿಯಲ್ಲಿ ಕೇಳಿದೆ. "ಏನ್ ಸಾರ್, ಹೊಸಾ ಸೈಕಲ್ಲಿಗೆ ಪೆಡಲ್ಲೇ ಬೇಡ್ವಾ?" ಎಂದು ಮೆಕ್ಯಾನಿಕ್ ನಕ್ಕರು. ನಗುವಂಥದ್ದೇನೂ ಇಲ್ಲ, 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಓಡಿಸಿ ತೋರಿಸಿದ ಮೊದಲ ದ್ವಿಚಕ್ರ ಗಾಡಿಗೂ ಪೆಡಲ್ ಇರಲಿಲ್ಲ, ಸವಾರ ಕಾಲಿನಿಂದ ನೆಲವನ್ನು ಒದ್ದು ಸಾಗುತ್ತಿದ್ದ. ಮನೆಯಲ್ಲೇ ಬಿಚ್ಚುವವರು ಗಮನಿಸಬೇಕಾದ ಒಂದು ವಿಷಯವಿದೆ. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರುವಂತೆ ಹಾಕಿ ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಪೆಡಲುಗಳು ಸಡಿಲವಾಗುತ್ತವೆ. ಹೆಚ್ಚಿನ ಸೈಕಲ್ಲುಗಳಿಗೆ 15 ಮಿಲಿಮೀಟರ್ ಸ್ಪ್ಯಾನರ್ ಸಾಕು.

ನನ್ನ ಮುಖ್ಯ ಆಕ್ಷೇಪ ಸೀಟಿನ ಬಗ್ಗೆ. ಮಗುವಿನ ವಯಸ್ಸು ಕೇಳಿ ಚಕ್ರದ ಅಳತೆ ಹೇಳುವುದು ಅಂಗಡಿಯವರ ರೂಢಿ. ಆದರೆ ಸಮತೋಲ ಕಲಿಯುವಾಗ ಲೆಕ್ಕಕ್ಕೆ ಬರುವುದು ಸೀಟನ್ನು ಎಷ್ಟು ಕೆಳಗೆ ಇಳಿಸಬಹುದು ಎಂಬುದು ಮಾತ್ರ, ಏಕೆಂದರೆ ಮಗು ಸೀಟಿನ ಮೇಲೆ ಕುಳಿತೇ ಎರಡೂ ಪಾದಗಳನ್ನು ಪೂರ್ತಿ ನೆಲಕ್ಕೆ ಊರುವಂತಿದ್ದರೆ ಬೀಳುವ ಭಯವೇ ಅರ್ಧ ಕಡಿಮೆಯಾಗುತ್ತದೆ. ಮಗುವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ತೊಡೆಸಂದಿನಿಂದ ನೆಲದವರೆಗೆ ಟೇಪು ಹಿಡಿದು ಅಳೆದುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು. ನಮ್ಮವಳ ಅಳತೆ 51 ಸೆಂಟಿಮೀಟರ್; ಈ ಸೈಕಲ್ಲಿನ ಸೀಟು ಪೂರ್ತಿ ಇಳಿಸಿದರೂ 53ಕ್ಕೆ ನಿಲ್ಲುತ್ತಿತ್ತು. ಸೀಟಿನಡಿಯ ದಪ್ಪ ಸ್ಪ್ರಿಂಗುಗಳೇ ಕಾರಣ ಎಂದು ಅದೇ ಮೆಕ್ಯಾನಿಕ್ ಕಂಡುಹಿಡಿದು, ಸ್ಪ್ರಿಂಗಿಲ್ಲದ ತೆಳು ಸೀಟು ಹಾಕಿಕೊಟ್ಟದ್ದರಿಂದ ಸುಮಾರು 3 ಸೆಂಟಿಮೀಟರ್ ತಗ್ಗಿತು. ಇದಕ್ಕೆ ಬೇರೆ ಹಣ ತೆರಬೇಕಾಯಿತು, ಆದರೂ ಇಡೀ ಖರೀದಿಯಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಇದೇ ಎಂದು ಹೇಳುತ್ತೇನೆ.

ಬ್ರೇಕಿನ ಹಿಡಿಗಳು ದೊಡ್ಡವರ ಕೈಗೆ ತಕ್ಕಂತಿದ್ದವು. ಹಿಡಿಯ ಬುಡದಲ್ಲಿ ಒಂದು ಪುಟ್ಟ ಸ್ಕ್ರೂ ಇದೆ. ಅದನ್ನು ತಿರುಗಿಸಿ ಹಿಡಿಯನ್ನು ಹ್ಯಾಂಡಲಿನ ಹತ್ತಿರಕ್ಕೆ ತಂದ ಮೇಲೆ ಮಗಳ ಬೆರಳುಗಳಿಗೆ ಎಟುಕಿತು. ತೂಕ ಸುಮಾರು 10 ಕಿಲೋ, ಅಂದರೆ ಸವಾರಳ ಅರ್ಧದಷ್ಟು, ಇದಕ್ಕೆ ಪರಿಹಾರವಿಲ್ಲ. ಬುಟ್ಟಿ, ಗಂಟೆ, ಝೂಲು ಎಲ್ಲವೂ ಚೆನ್ನಾಗಿವೆ.

ಅಭ್ಯಾಸಕ್ಕೆ ನಾವು ಆರಿಸಿಕೊಂಡದ್ದು ಭಾನುವಾರದ ಮುಂಜಾನೆ ವಾಹನ ಕಡಿಮೆಯಿರುವ, ತೀರಾ ಸಣ್ಣ ಇಳಿಜಾರಿರುವ ಡಾಂಬರು ರಸ್ತೆಯನ್ನು. ಹುಲ್ಲಿನ ಮೇಲೆ ಬಿದ್ದರೆ ನೋವಾಗದು ನಿಜ, ಆದರೆ ಚಕ್ರ ಉರುಳದಿದ್ದರೆ ಸಮತೋಲವೂ ಸಿಗದು. ಕಾಲಿನಿಂದ ತಳ್ಳಿಕೊಂಡು ಹೋಗಿ, ಪಾದಗಳನ್ನು ಎತ್ತಿಹಿಡಿದು ಒಂದಷ್ಟು ದೂರ ಉರುಳುವುದು ಸಲೀಸಾದ ಬಳಿಕ ಪೆಡಲ್ ಮರಳಿ ಜೋಡಿಸಿದೆವು; ತುಳಿಯುವುದು ಆಮೇಲೆ ತಾನಾಗಿ ಬಂತು. ಆ ಹಂತದಲ್ಲಿ ಸೀಟನ್ನು ತುಸು ಏರಿಸಬೇಕು, ಇಲ್ಲವಾದರೆ ಮೊಣಕಾಲು ಮಡಚಿ ತುಳಿತಕ್ಕೆ ಬಲ ಬರುವುದಿಲ್ಲ. ಹಿಂದಿನಿಂದ ಸೀಟು ಹಿಡಿದು ಓಡುವ ಅಪ್ಪಂದಿರು ನಮ್ಮ ಬೀದಿಯಲ್ಲಿ ಈಗಲೂ ಇದ್ದಾರೆ. ಅವರ ಸೊಂಟದ ಮೇಲೆ ನನಗೆ ಕನಿಕರವಿದೆ.

ತೊಡೆಸಂದಿನ ಅಳತೆ 50 ಸೆಂಟಿಮೀಟರಿಗಿಂತ ಕಡಿಮೆಯಿರುವ ಮಕ್ಕಳಿಗೆ ನಾನು ಈ ಸೈಕಲ್ಲನ್ನು ಶಿಫಾರಸು ಮಾಡುವುದಿಲ್ಲ. ಅಂಥವರು 14 ಇಂಚಿನದನ್ನೇ ಅಳೆದು ನೋಡುವುದು ಒಳಿತು. ಉಳಿದವರು ತೆಳು ಸೀಟನ್ನು ಬೆಲೆಯಲ್ಲೇ ಸೇರಿಸಿಕೊಡುವಂತೆ ಚೌಕಾಸಿ ಮಾಡಿ, ಹಣ ಕೊಡುವ ಮೊದಲೇ ಮಗುವನ್ನು ಕೂರಿಸಿ ಹಿಮ್ಮಡಿ ನೆಲಕ್ಕೆ ತಾಗುತ್ತದೆಯೇ ಎಂದು ನೋಡಿಕೊಳ್ಳಲಿ.