ಮದುವೆ ಗೌನಿನ ಡಿಸೈನ್ ಹೌಸ್‌ನಲ್ಲಿ ಇಂಟರ್ನ್‌ಶಿಪ್: ಸೇರಬಹುದೇ?

ಗಿರಾಕಿಗೆ ಉಡುಪು ತೊಡಿಸಿ ಸರಿಪಡಿಸುವ ಫಿಟಿಂಗ್ ಕೋಣೆಯೊಳಗೆ ಬಿಟ್ಟುಕೊಳ್ಳುತ್ತಾರೆ ಎಂದಾದರೆ ಖಂಡಿತ ಸೇರಿ. ಬಿಡುವುದಿಲ್ಲ ಎಂದರೆ ಬೇರೆ ಕಡೆ ನೋಡಿ. ಮದುವೆ ಗೌನು, ಸಂಜೆ ಸಮಾರಂಭದ ಉಡುಪು ಮಾಡುವ ಡಿಸೈನ್ ಹೌಸ್‌ಗಳ ಇಂಟರ್ನ್‌ಶಿಪ್ ಬಗ್ಗೆ ನಮ್ಮ ಅಭಿಪ್ರಾಯ ಇಷ್ಟೇ.

ಸ್ಕೆಚ್ ಬಿಡಿಸುವ ಆಸೆ ಹೊತ್ತು ಹೋದವರಿಗೆ ಮೊದಲ ವಾರಗಳು ಕಷ್ಟ. ಮಣಿ ವಿಂಗಡಿಸುವುದು, ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಕಾಗದದ ಅಚ್ಚು) ಟ್ರೇಸ್ ಮಾಡುವುದು, ಹೊಲಿಗೆ ಬಿಚ್ಚುವುದು, ಇವೇ ಕೆಲಸ. ಆದರೆ ಬಿಚ್ಚುವ ಕೆಲಸವನ್ನು ದಯವಿಟ್ಟು ಕೀಳಾಗಿ ನೋಡಬೇಡಿ. ಒಳ್ಳೆಯ ಗೌನು ಒಳಗಿನಿಂದ ಹೇಗೆ ಕಟ್ಟಿದ್ದಾರೆ ಎಂಬುದು ಬಿಚ್ಚುವವರಿಗೆ ಕಾಣುವಷ್ಟು ಹೊಲಿಯುವವರಿಗೂ ಕಾಣುವುದಿಲ್ಲ. ಸ್ಯಾಟಿನ್‌ನಲ್ಲಿ ಸೂಜಿ ತೂತು ಮುಚ್ಚಿಕೊಳ್ಳುವುದೇ ಇಲ್ಲ ಎನ್ನುವುದು ಅಲ್ಲೇ ಗೊತ್ತಾಗುತ್ತದೆ. ಗುಂಡುಸೂಜಿಯನ್ನು ಮಾರ್ಜಿನ್ (ಹೊಲಿಗೆ ಗೆರೆಯ ಆಚೆ ಬಿಡುವ ಬಟ್ಟೆ) ಒಳಗಷ್ಟೇ ಚುಚ್ಚಬೇಕು, ಮಷಿನ್‌ಗೆ 60 ಅಥವಾ 65 ನಂಬರಿನ ತೆಳ್ಳನೆಯ ಹೊಸ ಸೂಜಿ ಹಾಕಬೇಕು ಎಂದು ಸೀನಿಯರ್‌ಗಳು ಪದೇಪದೇ ಹೇಳುವುದು ಅದಕ್ಕೇ.

ಕತ್ತರಿಸುವ ಮೇಜಿನ ಹತ್ತಿರ ನಿಲ್ಲಲು ಅವಕಾಶ ಸಿಕ್ಕರೆ ಬಿಡಬೇಡಿ. ಶಿಫಾನ್ ಜಾರುತ್ತದೆ, ಕೆಳಗೊಂದು ಮೇಲೊಂದು ಟಿಶ್ಯೂ ಪೇಪರ್ ಇಟ್ಟು ಪಿನ್ ಮಾಡಿ, ಕಾಗದದ ಸಮೇತ ಕತ್ತರಿಸುತ್ತಾರೆ. ಸ್ಯಾಟಿನ್ನಿನ ಎಲ್ಲ ತುಂಡುಗಳೂ ಒಂದೇ ದಿಕ್ಕಿಗೆ ಇರಬೇಕು. ಒಂದು ತುಂಡು ತಲೆಕೆಳಗಾದರೂ ಬೆಳಕು ಬಿದ್ದಾಗ ಅದು ಬೇರೆ ಬಣ್ಣದ ಬಟ್ಟೆಯ ಹಾಗೆ ಕಾಣುತ್ತದೆ. ಬಯಾಸ್ ಮೇಲೆ, ಅಂದರೆ ನೇಯ್ಗೆಗೆ ಓರೆಯಾಗಿ, ಕತ್ತರಿಸಿದ ಸ್ಕರ್ಟನ್ನು ಕನಿಷ್ಠ 24 ಗಂಟೆ ತೂಗುಹಾಕಿ, ಆಮೇಲೇ ಕೆಳ ಅಂಚು ಗುರುತು ಮಾಡುತ್ತಾರೆ. ಆತುರಪಟ್ಟರೆ ಬಟ್ಟೆ ಅಲ್ಲಲ್ಲಿ ಇಳಿದು ಅಂಚು ಡೊಂಕಾಗುತ್ತದೆ.

ನಮ್ಮ ಲೆಕ್ಕದಲ್ಲಿ ಈ ಇಂಟರ್ನ್‌ಶಿಪ್ಪಿನ ನಿಜವಾದ ಬೆಲೆ ಇರುವುದು ಮಣಿ ಕೆಲಸದ ಬಟ್ಟೆಯನ್ನು ಜೋಡಿಸುವುದರಲ್ಲಿ. ಇದನ್ನು ಪುಸ್ತಕ ಓದಿ ಕಲಿಯಲಾಗದು. ಮೊದಲು ಹೊಲಿಗೆ ಗೆರೆಯನ್ನು ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಗುರುತಿಸಬೇಕು. ಮಾರ್ಜಿನ್‌ನಲ್ಲಿರುವ ಗಾಜಿನ ಮಣಿಗಳ ಮೇಲೆ ಬಟ್ಟೆ ಮುಚ್ಚಿ, ಮಷಿನ್ ಸೂಜಿಗೆ ಅಡ್ಡ ಬರದಂತೆ ಇಕ್ಕಳದಿಂದ ಒಂದೊಂದಾಗಿ ಒಡೆಯಬೇಕು. ಚೂರು ಹಾರುತ್ತದೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮಣಿ ಹೋಗಬೇಕು, ದಾರ ಉಳಿಯಬೇಕು. ಕೊಕ್ಕೆ ತುದಿಯ ಆರಿ ಸೂಜಿಯಲ್ಲಿ ಮಾಡಿದ್ದು ಸರಪಳಿ ಹೊಲಿಗೆಯಾದ್ದರಿಂದ ಒಂದು ಕಡೆ ದಾರ ಕತ್ತರಿಸಿದರೆ ಇಡೀ ಸಾಲೇ ಬಿಚ್ಚಿಕೊಂಡು ಬರುತ್ತದೆ. ತಪ್ಪಿ ತುಂಡಾದರೆ ತಕ್ಷಣ ಹಿಂಬದಿಗೆ ಎಳೆದು ಗಂಟು ಹಾಕಿ. ಹೊಲಿದಾದ ಮೇಲೆ ಗೆರೆಯುದ್ದಕ್ಕೂ ಅದೇ ಬಗೆಯ ಮಣಿಗಳನ್ನು ಕೈಯಲ್ಲಿ ಮತ್ತೆ ಕೂರಿಸಿದರೆ ಜೋಡಣೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಎಂಥ ಚೆಂದದ ಕೆಲಸ!

ಇನ್ನು ಫಿಟಿಂಗ್. ಮೊದಲ ಸಲ ಮಸ್ಲಿನ್ ಎಂಬ ಸಾದಾ ಹತ್ತಿ ಬಟ್ಟೆಯ ಮಾದರಿ, ಆಮೇಲೆ ನಿಜವಾದ ಬಟ್ಟೆ, ಕೊನೆಗೆ ಸಮಾರಂಭದ ದಿನ ಹಾಕಿಕೊಳ್ಳುವ ಚಪ್ಪಲಿ ಮತ್ತು ಒಳಉಡುಪಿನ ಜೊತೆ. ಚಪ್ಪಲಿ ತಾರದೆ ಬಂದರೆ ಅಂಚು ಗುರುತು ಮಾಡುವುದೇ ಬೇಡ. ಪಕ್ಕದ ಹೊಲಿಗೆಯಲ್ಲಿ 2.5 ಸೆಂಟಿಮೀಟರ್ ಮಾರ್ಜಿನ್ ಬಿಟ್ಟಿದ್ದರೆ ಉಡುವವರ ತೂಕ ತುಸು ಏರಿದರೂ ಇಳಿದರೂ ಸರಿಪಡಿಸಬಹುದು. ತೋಳು, ಭುಜಪಟ್ಟಿ ಎರಡೂ ಇಲ್ಲದ ಗೌನು ಜಾರುತ್ತಿದ್ದರೆ ಎದೆ ಭಾಗವನ್ನು ಬಿಗಿ ಮಾಡಲು ಹೊರಡಬೇಡಿ. ಒಳಗಡೆ ಸೊಂಟಕ್ಕೆ ಕಟ್ಟುವ ಪಟ್ಟಿ ಇದೆಯೇ ನೋಡಿ. ಗೌನಿನ ಭಾರ ಹೊರುವುದು ಅದೇ. ಗೌನು ಆಕಾರದಲ್ಲಿ ನಿಲ್ಲಲು ಒಳಗೆ ತೂರಿಸುವ ಗಟ್ಟಿ ಪಟ್ಟಿ, ಅಂದರೆ ಬೋನಿಂಗ್ ತುಂಡು, ಅದರ ಬಟ್ಟೆಯ ಕೊಳವೆಗಿಂತ ಸುಮಾರು 1 ಸೆಂಟಿಮೀಟರ್ ಗಿಡ್ಡ ಇರಬೇಕು, ಇಲ್ಲದಿದ್ದರೆ ತುದಿ ಚುಚ್ಚಿಕೊಂಡು ಹೊರಬರುತ್ತದೆ.

ಬೆರಳಿಗೆ ಸೂಜಿ ತಾಗಿ ಬಿಳಿ ರೇಷ್ಮೆಗೆ ರಕ್ತ ಹತ್ತುವುದು ಎಲ್ಲ ಕಡೆಯೂ ಆಗುವ ಅನಾಹುತ. ಬಿಸಿ ನೀರು ಮುಟ್ಟಿಸಲೇಬೇಡಿ, ಕಲೆ ಗಟ್ಟಿಯಾಗಿ ಕೂತುಬಿಡುತ್ತದೆ. ತಣ್ಣೀರು ಹೆಚ್ಚಾದರೂ ರೇಷ್ಮೆ ಮೇಲೆ ವರ್ತುಲ ಉಳಿಯುತ್ತದೆ. ಬಿಳಿ ದಾರದ ಪುಟ್ಟ ಉಂಡೆಯನ್ನು ಬಾಯಲ್ಲಿ ತೇವ ಮಾಡಿ ಮೆಲ್ಲಗೆ ಒತ್ತಿದರೆ ಹಸಿ ಕಲೆ ಅದಕ್ಕೆ ಹತ್ತಿಕೊಳ್ಳುತ್ತದೆ. ಮುಚ್ಚಿಡದೆ ಕೂಡಲೇ ಹೇಳಿ. ಒಣಗಿದ ಕಲೆ ತೆಗೆಯುವುದು ಬಲು ಕಷ್ಟ.

ಕೊರತೆಗಳೂ ಇವೆ. ಮದುವೆ ಸೀಸನ್ನಿನಲ್ಲಿ ಹೊತ್ತುಗೊತ್ತು ಇರುವುದಿಲ್ಲ, ಕಲಿಸುವವರಿಗೂ ಪುರುಸೊತ್ತಿಲ್ಲ. ದುಡಿಸಿಕೊಂಡು ಬಿಡಿಗಾಸೂ ಕೊಡದ ಕಡೆಗಳಿವೆ. ಅದನ್ನು ನಾವು ಒಪ್ಪುವುದಿಲ್ಲ. ಒಂದು ತಿಂಗಳಿಗೆ ಸೇರುವುದೂ ದಂಡ. ಒಂದು ಗೌನು ಮಸ್ಲಿನ್‌ನಿಂದ ಕೊನೆಯ ಇಸ್ತ್ರಿವರೆಗೆ ಹೋಗುವುದನ್ನು ಪೂರ್ತಿ ನೋಡಲು ಮೂರು ತಿಂಗಳಾದರೂ ಬೇಕು.

ಸೇರುವ ಮುಂಚೆ ಸಂಬಳ, ಸಮಯ, ಪೋರ್ಟ್‌ಫೋಲಿಯೊಗೆ ಫೋಟೊ ತೆಗೆಯುವ ಅನುಮತಿ ಮೂರನ್ನೂ ಬರಹದಲ್ಲಿ ಪಡೆಯಿರಿ. ಮದುವೆಗೆ ಮುಂಚೆ ಗೌನಿನ ಚಿತ್ರ ಹೊರಬೀಳಬಾರದು ಎನ್ನುವುದು ನ್ಯಾಯವೇ. ಹಾಗಾಗಿ ಕೇಳಿ ಪಡೆದ ಉಳಿಕೆ ಬಟ್ಟೆಯಲ್ಲಿ, ಕಲಿತ ಒಂದೊಂದು ಹೊಲಿಗೆಗೂ 15 ಸೆಂಟಿಮೀಟರ್ ಚೌಕದ ಮಾದರಿ ಮಾಡಿಟ್ಟುಕೊಳ್ಳಿ. ಮುಂದಿನ ಸಂದರ್ಶನದಲ್ಲಿ ಹಿಂಬದಿಯನ್ನೂ ತಿರುಗಿಸಿ ತೋರಿಸಬಹುದು.