ಸಾನ್ ಪೆದ್ರೊ ಜ್ವಾಲಾಮುಖಿ ಹತ್ತುವವರೇ, ದೋಣಿಕಟ್ಟೆಯಲ್ಲಿ ಸಿಗುವ ಗೈಡನ್ನು ನಂಬಬೇಡಿ
ಗ್ವಾಟೆಮಾಲಾದ ಅತಿತ್ಲಾನ್ ಸರೋವರಕ್ಕೆ ಹೋಗುವವರು ಇದನ್ನೊಮ್ಮೆ ಓದಿಬಿಡಿ. ನವೆಂಬರಿನಲ್ಲಿ ನಾನೂ ನನ್ನ ಗೆಳತಿಯೂ ಅಲ್ಲಿನ ಸಾನ್ ಪೆದ್ರೊ ಜ್ವಾಲಾಮುಖಿ ಹತ್ತಲು ಹೋಗಿ ಪಟ್ಟ ಪಾಡು ಯಾರಿಗೂ ಬೇಡ.

ಬೆಟ್ಟದ ಎತ್ತರ 3,020 ಮೀಟರ್. ಸರೋವರವೇ ಸುಮಾರು 1,560 ಮೀಟರ್ ಎತ್ತರದಲ್ಲಿದೆ. ಹಾಗಾಗಿ ನೀರಿನ ಮೇಲಿಂದ ನೋಡುವಾಗ ಅದು ಅಷ್ಟೇನೂ ದೊಡ್ಡದು ಅನ್ನಿಸುವುದಿಲ್ಲ. ತುದಿಯವರೆಗೂ ಹಸಿರು, ಬೆಂಕಿ ಹೊಗೆ ಏನೂ ಇಲ್ಲ. ಅರ್ಧ ದಿನದ ಕೆಲಸ ಅಂದುಕೊಂಡೆವು.

ಪನಹಚೆಲ್‌ನಿಂದ ದೋಣಿ ಹಿಡಿದು ಸಾನ್ ಪೆದ್ರೊ ಊರಿಗೆ ಇಳಿದಾಗಲೇ ಒಂಬತ್ತೂವರೆ. ಕಟ್ಟೆಯ ಮೇಲೆ ಒಬ್ಬ ಬಂದು, 'ಬೆಟ್ಟದ ಟಿಕೆಟ್ ಗೇಟಿನಲ್ಲಿ ಸುಮ್ನೆ ಯಾಕೆ ಜಾಸ್ತಿ ದುಡ್ಡು ಕೊಡ್ತೀರಿ, ಅರ್ಧ ಕೊಡಿ, ನಾನೇ ಕರ್ಕೊಂಡು ಹೋಗ್ತೀನಿ' ಅಂದ. ಗೆಳತಿಗೆ ಸ್ಪ್ಯಾನಿಷ್ ಬರುತ್ತದೆ. ಮಾತು ನಯವಾಗಿತ್ತು, ಒಪ್ಪಿಬಿಟ್ಟೆವು. ಗೇಟು ತಪ್ಪಿಸಿ ಕಾಫಿ ತೋಟಗಳ ಒಳಗಿಂದಲೇ ಹತ್ತಿಸಿದ. ಕಾಫಿ, ಜೋಳದ ಹೊಲ ಮುಗಿದು ಕಾಡು ಶುರುವಾಗುವಲ್ಲಿ ನಿಂತ. ಇನ್ನು ಒಂದೇ ದಾರಿ, ತಪ್ಪುವ ಮಾತೇ ಇಲ್ಲ ಎಂದು ಉಳಿದ ದುಡ್ಡು ಕೇಳಿದ. ಆ ಕಾಡಿನಲ್ಲಿ ನಿಂತು ಜಗಳ ಆಡೋದು ಹೇಗೆ? ಕೊಟ್ಟೆವು. ಇಳಿದು ಹೋದ.

ಆಗಲೇ ವಾಪಸ್ ಬರಬೇಕಿತ್ತು. ಬರಲಿಲ್ಲ. ಮೇಲೆ ಹೋದಂತೆ ಹತ್ತು ಹೆಜ್ಜೆಗೊಮ್ಮೆ ಉಸಿರು ಕಟ್ಟುತ್ತಿತ್ತು. ತುದಿ ಮುಟ್ಟಿದಾಗ ಒಂದೂವರೆ. ಎದುರಿಗೆ ತೊಲಿಮಾನ್, ಅತಿತ್ಲಾನ್ ಜ್ವಾಲಾಮುಖಿಗಳು, ಕೆಳಗೆ ಇಡೀ ಸರೋವರ ಕಾಣಬೇಕಿತ್ತು. ಕಂಡಿದ್ದು ಬರೀ ಬಿಳಿ ಮೋಡ. ಅಲ್ಲಿ ಬೆಳಿಗ್ಗೆ ಆಕಾಶ ತಿಳಿಯಾಗಿದ್ದರೂ ಮಧ್ಯಾಹ್ನದ ಹೊತ್ತಿಗೆ ಪೆಸಿಫಿಕ್ ಕಡೆಯಿಂದ ಬಿಸಿಗಾಳಿ ಏರಿ ಬರುತ್ತದೆ. ಸರೋವರದ ಮೇಲೆ ಬೀಸುವ ಆ ಜೋರು ಗಾಳಿಗೆ ಊರಿನವರು ಷೊಕೊಮಿಲ್ ಅನ್ನುತ್ತಾರೆ. ಶಿಖರಕ್ಕೆ ಮೋಡ ಮುತ್ತುವುದೂ ಹೆಚ್ಚಾಗಿ ಅದೇ ಹೊತ್ತಿಗೆ.

ಇಳಿಯುವುದು ಇನ್ನೂ ಕಷ್ಟ. ಮೇಲೆ ಪುಡಿಪುಡಿ ಕಪ್ಪು ಮಣ್ಣು, ಅದರ ಮೇಲೆ ಒದ್ದೆ ಎಲೆ. ಗೆಳತಿ ಜಾರಿ ಬಿದ್ದು ಮೊಣಕಾಲು ಊದಿಕೊಂಡಿತು. ಕಾಫಿ ತೋಟ ಸಿಕ್ಕಾಗ ಬದುಕಿದೆವು ಅನ್ನಿಸಿತು. ಆದರೆ ಅಲ್ಲೇ ದಾರಿ ತಪ್ಪಿದ್ದು. ಎಲ್ಲ ಕಾಲುದಾರಿಯೂ ಒಂದೇ ಥರ. ಐದೂವರೆಗೆ ಸೂರ್ಯ ಮುಳುಗಿದ, ನೋಡನೋಡುತ್ತಲೇ ಕತ್ತಲು. ಇದ್ದಿದ್ದು ಒಂದು ಫೋನಿನ ಟಾರ್ಚು. ಸರೋವರದ ಸುತ್ತಲಿನ ಬೆಟ್ಟದ ದಾರಿಗಳಲ್ಲಿ ಪ್ರವಾಸಿಗರ ದರೋಡೆಯಾಗಿರುವುದನ್ನು ಮೊದಲೇ ಓದಿದ್ದೆ. ಪ್ರತಿ ಸದ್ದಿಗೂ ಎದೆ ಹೊಡೆದುಕೊಳ್ಳುತ್ತಿತ್ತು.

ಕೊನೆಗೆ ಸಿಕ್ಕಿದ್ದು ಕೊಯ್ಲು ಮುಗಿಸಿ ಮನೆಗೆ ಹೊರಟಿದ್ದ ಅಪ್ಪ, ಮಗ. ಅಪ್ಪನ ಬೆನ್ನ ಮೇಲೆ ಕಾಫಿ ಹಣ್ಣಿನ ಮೂಟೆ, ಅದರ ಪಟ್ಟಿ ಹಣೆಗೆ ಬಿಗಿದಿತ್ತು. ಮಗನಿಗೆ ತ್ಸುತುಹಿಲ್ ಭಾಷೆಯಲ್ಲಿ ಏನೋ ಹೇಳಿದರು. ಹುಡುಗ ಗೆಳತಿಯ ಬ್ಯಾಗು ಹೊತ್ತುಕೊಂಡು, ಕೈ ಹಿಡಿದು ಊರಿನ ತನಕ ಇಳಿಸಿದ. ದುಡ್ಡು ಕೊಡಹೋದರೆ ಇಬ್ಬರೂ ಮುಟ್ಟಲಿಲ್ಲ.

ನನಗೆ ಈಗಲೂ ಮೈ ನಡುಗಿಸುವ ವಿಷಯ ಬೇರೆ. ಗೇಟಿನಲ್ಲಿ ಟಿಕೆಟ್ ಕೊಂಡಿದ್ದರೆ ನಾವು ಮೇಲೆ ಹೋಗಿರುವುದು ಒಬ್ಬರಿಗಾದರೂ ಗೊತ್ತಿರುತ್ತಿತ್ತು. ಆ ದಿನ ನಾವು ಬೆಟ್ಟದ ಮೇಲಿದ್ದೇವೆ ಅಂತ ಯಾರಿಗೂ ಗೊತ್ತಿರಲಿಲ್ಲ, ಆ ಮನುಷ್ಯನೊಬ್ಬನನ್ನು ಬಿಟ್ಟು. ದಯವಿಟ್ಟು ಹಿಂದಿನ ರಾತ್ರಿಯೇ ಸಾನ್ ಪೆದ್ರೊದಲ್ಲಿ ಉಳಿಯಿರಿ. ನಸುಕಿನಲ್ಲೇ ಹೊರಡಿ. ಗೇಟಿನಲ್ಲೇ ಗೈಡ್ ಕೇಳಿ, ವಾಪಸ್ ಬಂದ ಮೇಲೆ ಪೂರ್ತಿ ದುಡ್ಡು ಕೊಡಿ. ಹೆಡ್‌ಲ್ಯಾಂಪ್ ಮರೆಯಬೇಡಿ.

ಮರುದಿನ ಬೆಳಿಗ್ಗೆ ದೋಣಿ ಹತ್ತಲು ಬಂದಾಗ ಅದೇ ಮನುಷ್ಯ ಕಟ್ಟೆಯ ಮೇಲೆ ಇಬ್ಬರು ಹುಡುಗಿಯರ ಜೊತೆ ಮಾತಾಡುತ್ತಿದ್ದ. ಗೆಳತಿ ಕುಂಟುತ್ತಲೇ ಹೋಗಿ ಅವರಿಗೆ ಮೊಣಕಾಲು ತೋರಿಸಿದಳು.