ಅಡುಗೆಯವರ ಪದಕಗಳಿಗೆ ಕಟ್ಟು: ಕಾರವಾರದ ಅಂಗಡಿಯೊಂದರ ಕೆಲಸ

1971ರ ಯುದ್ಧಕಾಲದಲ್ಲಿ ನೌಕಾಪಡೆಯಲ್ಲಿ ಅಡುಗೆಯವರಾಗಿದ್ದ ನಮ್ಮ ದೊಡ್ಡಪ್ಪನವರ ಪದಕಗಳಿಗೆ ಕಾರವಾರ ಪೇಟೆಯ ಫೋಟೋ ಫ್ರೇಮ್ ಅಂಗಡಿಯೊಂದರಲ್ಲಿ ಕಟ್ಟು ಹಾಕಿಸಿದೆವು. ಕೆಲಸ ಒಟ್ಟಿನಲ್ಲಿ ಅಚ್ಚುಕಟ್ಟಾಗಿದೆ. ಪಶ್ಚಿಮ ರಂಗದ ಸೇವೆಗೆ ಸಂದ ‘ಪಶ್ಚಿಮಿ ಸ್ಟಾರ್’ ಎಂಬ ನಕ್ಷತ್ರಾಕಾರದ ಪದಕ, ಆ ಯುದ್ಧಕಾಲದ ಸೇವೆಗೆ ಕೊಟ್ಟ ಸಂಗ್ರಾಮ ಪದಕ ಹಾಗೂ ಸ್ವಾತಂತ್ರ್ಯದ 25ನೇ ವರ್ಷದ ಪದಕ, ಈ ಮೂರನ್ನು ಅಂಗಡಿಯವರು ಮೊದಲು ನಕ್ಷತ್ರ ನಡುವೆ ಬರುವಂತೆ ಅಂದಕ್ಕಾಗಿ ಜೋಡಿಸಿದ್ದರು. ಪದಕಗಳ ಹಿರಿತನದ ಕ್ರಮದಲ್ಲಿ ಸ್ಟಾರ್ ಮೊದಲನೆಯದಾದ್ದರಿಂದ ಅದು ನೋಡುವವರ ಎಡತುದಿಗೆ ಬರಬೇಕೆಂದು ತಿಳಿಸಿದಾಗ ಬೇಸರಿಸದೆ, ಹೆಚ್ಚಿನ ಹಣವನ್ನೂ ಕೇಳದೆ ಬಿಚ್ಚಿ ಸರಿಪಡಿಸಿದರು. ಅಂಟು ಬಳಸದೆ ರಿಬ್ಬನ್ನುಗಳನ್ನು ಹಿಂಬದಿಯಿಂದ ಹೊಲಿದು, ಸಂಗ್ರಾಮ ಪದಕದ ಅಂಚಿನಲ್ಲಿ ಕೊರೆದಿರುವ ಹೆಸರು ಓದಲು ಸಿಗುವಷ್ಟು ಗಾಜನ್ನು ದೂರವಿಟ್ಟಿರುವುದು ನನಗೆ ಬಹಳ ಹಿಡಿಸಿತು. ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳಪು ಕೊಡುತ್ತೇವೆಂದರು, ಹುಳಿ ಲೋಹವನ್ನು ಸವೆಸುವುದರಿಂದ ಅದನ್ನು ಮಾತ್ರ ಬೇಡವೆಂದೆವು.

ಕಾರವಾರದ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿರುವ ಹಳೆಯ ನೌಕೆ ಐಎನ್‌ಎಸ್ ಚಪಲ್ ಹೊಕ್ಕು ನೋಡಿದವರಿಗೆ ಯುದ್ಧನೌಕೆಯೊಳಗಿನ ಇಕ್ಕಟ್ಟು ಗೊತ್ತು. ಅಂಥಲ್ಲಿ ಅನ್ನ ಬೇಯಿಸಿದವರಿಗೂ ಫಿರಂಗಿಯ ಬಳಿ ನಿಂತವರಿಗೂ ಕೊಟ್ಟ ಪದಕ ಒಂದೇ ಆದ್ದರಿಂದ, ಕೆಳಗೆ ‘ಅಡುಗೆಯವರು, ಭಾರತೀಯ ನೌಕಾಪಡೆ’ ಎಂಬ ಹಿತ್ತಾಳೆಯ ಪಟ್ಟಿಯನ್ನು ಕೇಳಿ ಹಾಕಿಸಿದೆವು.

ಕೊರತೆಯೆಂದರೆ ಹಿಂಬದಿಯ ತೆಳು ರಟ್ಟು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು ತೇವ ಹೀರಿ ರಿಬ್ಬನ್ನಿಗೆ ಬೂಷ್ಟು ಹಿಡಿಸುವುದರಿಂದ, ಪ್ಲೈವುಡ್ ಹಾಕಿ ಅಂಚನ್ನು ಟೇಪಿನಿಂದ ಮುಚ್ಚುವಂತೆ ಮುಂಗಡ ಕೊಡುವಾಗಲೇ ಹೇಳಬೇಕು.